ವೇಗದ ಮುಳ್ಳು

ನಮ್ಮ ಹಿರಿಯರು ದಾರಿಯನ್ನು ಕೂಗಳತೆ, ಹರದಾರಿ, ಗಾವುದಗಳಲ್ಲಿ ಅಳೆಯುತ್ತಿದ್ದರು. ಒಬ್ಬನು ಹಾಕಿದ ಕೂಗು ಎಲ್ಲಿಯವರೆಗೆ ಕೇಳಿಸುವುದೋ ಅದು ಕೂಗಳತೆ. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಗಾವುದ ಅದಕ್ಕಿಂತಲೂ ಬಹಳ ದೊಡ್ಡದು. ಹೀಗೆ ದೂರಕ್ಕೆ ಅಳತೆಯ ಮಾತುಗಳು ಉಂಟು. ವೇಗದ ಮಾತು ಬಂದಾಗ ಮಾತ್ರ ನಾವು ಹೋಲಿಕೆಯನ್ನೇ ನೆಚ್ಚುತ್ತಿದ್ದೆವು. ವಾಯುವೇಗ, ಮನೋವೇಗ, ಬಿಟ್ಟ ಬಾಣದ ವೇಗ ಎಂದರೆ ಕೇಳುವವನಿಗೆ ತೃಪ್ತಿಯಾಗುತ್ತಿತ್ತು. ಸಂಸ್ಕೃತದ ‘ವೇಗ’ವೇ ಕನ್ನಡದಲ್ಲಿ ತದ್ಭವವಾಗಿ ‘ಬೇಗ’ ಎಂದಾಯಿತು. ‘ಬೇಗ ಬಾ’ ಎಂದಾಗ ನಾವು ಹೇಳುವುದು ಕಾಲದ ಮಾತನ್ನು, ದಾರಿಯ ಮಾತನ್ನಲ್ಲ. ದಾರಿಯನ್ನೂ ಕಾಲವನ್ನೂ ಒಟ್ಟಿಗೆ ಹಿಡಿದು, ಒಂದೇ ಅಂಕಿಯಲ್ಲಿ ‘ಇದು ಇಷ್ಟು ವೇಗ’ ಎಂದು ಹೇಳುವ ಚಾಳಿ ಮನುಷ್ಯನಿಗೆ ತಡವಾಗಿ ಬಂದದ್ದು. ಅದನ್ನು ಹೇಳುವ ಯಂತ್ರವಂತೂ ಮತ್ತೂ ತಡವಾಗಿ ಬಂದಿತು.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಒಂದು ಹಳೆಯ ಕಾರಿನಿಂದ. ನನ್ನಲ್ಲಿ ಓದಿದ ಹುಡುಗನೊಬ್ಬ, ಈಗ ಅವನೂ ಮಕ್ಕಳೊಂದಿಗ, ತನ್ನ ತಂದೆಯವರ ಕಾಲದ ಬ್ರಿಟಿಷ್ ಕಾರೊಂದನ್ನು ಇಟ್ಟುಕೊಂಡಿದ್ದಾನೆ. ತಂದೆಯವರು ವೈದ್ಯರು. ಸುತ್ತಮುತ್ತಲಿನ ಹಳ್ಳಿಗಳಿಗೆ ರಾತ್ರಿ ಹಗಲೆನ್ನದೆ ಆ ಕಾರಿನಲ್ಲೇ ಹೋಗಿಬರುತ್ತಿದ್ದರು. ಒಂದು ದಿನ ಹುಡುಗ ಸಪ್ಪೆ ಮೋರೆ ಹಾಕಿಕೊಂಡು ಬಂದ.

“ಮೇಷ್ಟ್ರೇ, ಸ್ಪೀಡೋಮೀಟರು ಕೆಟ್ಟಿದೆ. ಇಪ್ಪತ್ತು ಮೈಲಿ ವೇಗಕ್ಕೇ ಮುಳ್ಳು ಎಪ್ಪತ್ತಕ್ಕೆ ಹಾರಿ ಅಲ್ಲೇ ನಿಲ್ಲುತ್ತೆ. ರಿಪೇರಿಯವರು ಮೀಟರನ್ನೇ ಕಿತ್ತು ಬೇರೆ ಹಾಕಿ ಅಂತಾರೆ.”

“ಹಾಕಿಸಪ್ಪಾ, ಅದಕ್ಕೇನು?”

“ಅದರೊಳಗೆ ಅಪ್ಪನ ಲೆಕ್ಕ ಇದೆಯಲ್ಲ, ಮೇಷ್ಟ್ರೇ.”

ಲೆಕ್ಕವೆಂದರೆ ಮುಳ್ಳಿನ ಕೆಳಗಿನ ಕಿಂಡಿಯಲ್ಲಿ ಕಾಣುವ ಅಂಕಿಗಳು: 61,408 ಮೈಲಿ. ಅದರಲ್ಲಿ ಬಹುಪಾಲು ತಂದೆಯವರು ರೋಗಿಗಳ ಮನೆಗೆ ಓಡಾಡಿದ ದಾರಿ. ಬೇರೆ ಮೀಟರು ಬಂದರೆ ಬೇರೆ ಯಾರದೋ ಲೆಕ್ಕ ಬರುತ್ತದೆ. ನಾನು ಕನ್ನಡ ಪಂಡಿತ, ಯಂತ್ರದ ವಿಷಯದಲ್ಲಿ ಪಾಮರ. ಆದರೂ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಜೊತೆಮಾಡಿಕೊಂಡು ಹೊರಟೆ. ಆ ಮೀಟರಿನ ರೋಗ ತಿಳಿಯಬೇಕಾದರೆ ಅದರ ವಂಶಾವಳಿ ತಿಳಿದಿರಬೇಕೆಂಬುದು ಅಂದು ನನಗೆ ಗೊತ್ತಾಯಿತು.

ಮೊದಲು ತಿಳಿಯಬೇಕಾದದ್ದು ಇದು: ಆ ಒಂದು ದುಂಡು ಡಬ್ಬಿಯಲ್ಲಿ ವಾಸವಾಗಿರುವುದು ಒಂದಲ್ಲ, ಎರಡು ಯಂತ್ರಗಳು. ಒಂದು ದೂರಮಾಪಕ, ಇನ್ನೊಂದು ವೇಗಮಾಪಕ. ಇವೆರಡರ ವಯಸ್ಸಿಗೂ ಅಜ್ಜ ಮೊಮ್ಮಗನಿಗಿಂತ ಹೆಚ್ಚಿನ ಅಂತರವುಂಟು.

ದೂರಮಾಪಕ ಎರಡು ಸಾವಿರ ವರ್ಷದಷ್ಟು ಹಳೆಯದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಹತ್ತನೆಯ ಭಾಗದಲ್ಲಿ ಅದನ್ನು ವರ್ಣಿಸಿದ್ದಾನೆ. ಗಾಡಿಯ ಚಕ್ರ ಒಂದು ಸುತ್ತು ಉರುಳಿದರೆ ಹನ್ನೆರಡೂವರೆ ಅಡಿ. ಚಕ್ರದ ಗುಂಭಕ್ಕೆ ಒಂದೇ ಒಂದು ಹಲ್ಲು. ಅದು ಪ್ರತಿ ಸುತ್ತಿಗೂ 400 ಹಲ್ಲಿನ ಇನ್ನೊಂದು ಚಕ್ರವನ್ನು ಒಂದು ಹಲ್ಲಿನಷ್ಟು ತಳ್ಳುತ್ತದೆ. 400 ಸುತ್ತಿಗೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಆಗ ಮೇಲಿನ ಚಕ್ರದ ರಂಧ್ರದಿಂದ ಒಂದು ಕಲ್ಲುಹರಳು ಕಂಚಿನ ಪಾತ್ರೆಗೆ ಠಣ್ಣನೆ ಬೀಳುತ್ತದೆ. ಊರು ಮುಟ್ಟಿದ ಮೇಲೆ ಹರಳುಗಳನ್ನು ಎಣಿಸಿದರೆ ಪ್ರಯಾಣದ ಮೈಲಿ ಸಿಕ್ಕಿತು. ಪ್ರಾಚೀನ ಚೀಣಾದಲ್ಲಿಯೂ ಇಂಥ ರಥವಿತ್ತು. ಅಲ್ಲಿ ಒಂದೊಂದು ‘ಲೀ’ ದಾರಿಗೂ ಮರದ ಗೊಂಬೆಯೊಂದು ನಗಾರಿ ಬಾರಿಸುತ್ತಿತ್ತು. ನಮ್ಮ ಹುಡುಗನ ಕಾರಿನ ಅಂಕಿಗಳೂ ಇದೇ ವಂಶದವು. ಹರಳಿನ ಬದಲು ಅಂಕಿ ಬರೆದ ಉರುಳೆಗಳಿವೆ. ಬಲಗಡೆಯ ಉರುಳೆ ಒಂದು ಪೂರ್ತಿ ಸುತ್ತು ಬಂದಾಗ ಎಡಗಡೆಯದು ಒಂದು ಅಂಕಿ ಮುಂದೆ ಸರಿಯುತ್ತದೆ. ಅಷ್ಟೇ ವ್ಯತ್ಯಾಸ.

ಆದರೆ ಹರಳು ಎಣಿಸಿದರೆ ದೂರ ತಿಳಿಯಿತೇ ಹೊರತು ವೇಗ ತಿಳಿಯಲಿಲ್ಲ. ವೇಗವನ್ನು ಅಂಕಿಯಲ್ಲಿ ಅಳೆದವರಲ್ಲಿ ನಾವಿಕರು ಮೊದಲಿಗರು. ಹಗ್ಗದ ತುದಿಗೆ ಮರದ ತುಂಡು ಕಟ್ಟಿ ಹಡಗಿನ ಹಿಂದೆ ನೀರಿಗೆ ಎಸೆಯುವುದು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳುಗಡಿಯಾರ ಬರಿದಾಗುವುದರೊಳಗೆ ಎಷ್ಟು ಗಂಟು ಕೈಯಿಂದ ಜಾರಿದವೋ ಹಡಗಿನ ವೇಗ ಅಷ್ಟು ‘ಗಂಟು’. ಇಂದಿಗೂ ಹಡಗು ವಿಮಾನಗಳ ವೇಗವನ್ನು ಇಂಗ್ಲಿಷಿನಲ್ಲಿ ‘ನಾಟ್’ ಎಂಬ ಲೆಕ್ಕದಲ್ಲೇ ಹೇಳುತ್ತಾರೆ. ಆ ಮಾತಿಗೆ ಗಂಟೆಂದೇ ಅರ್ಥ.

ನೆಲದ ಮೇಲೆ ಈ ಅಳತೆ ಬೇಕೆನಿಸಿದ್ದು ಕಾನೂನು ಬಂದ ಮೇಲೆ. ಬ್ರಿಟನ್ನಿನ 1865ರ ಕಾಯಿದೆ ರಸ್ತೆಯ ಮೇಲೆ ತಾನಾಗಿ ಓಡುವ ಬಂಡಿಗಳಿಗೆ ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ ಎಂದು ಮಿತಿ ಹಾಕಿತು. ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕೆಂಬ ಕಟ್ಟಳೆಯೂ ಆಗ ಬಂದಿತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ವಾಲ್ಟರ್ ಆರ್ನಾಲ್ಡ್ ಎಂಬುವರು 2 ಮೈಲಿ ಮಿತಿಯಿದ್ದ ಊರೊಳಗೆ 8 ಮೈಲಿ ವೇಗದಲ್ಲಿ ಮೋಟಾರು ಓಡಿಸಿದರು. ಪೊಲೀಸಿನವನೊಬ್ಬ ಬೈಸಿಕಲ್ಲು ಹತ್ತಿ ಬೆನ್ನಟ್ಟಿ ಹಿಡಿದ. ವೇಗದ ಅಪರಾಧಕ್ಕೆ ಅವರಿಗೆ ಒಂದು ಷಿಲಿಂಗ್ ದಂಡವಾಯಿತು, ಜೊತೆಗೆ ಖರ್ಚು. ಅದೇ ವರ್ಷದ ಕೊನೆಗೆ ಮಿತಿ ಸಡಿಲವಾಯಿತು. 1903ರ ಕಾಯಿದೆಯಲ್ಲಿ ಅದು 20 ಮೈಲಿಗೆ ಏರಿತು. ಮಿತಿಯೇನೋ ಬಂದಿತು, ತಾನು ಮಿತಿಯೊಳಗಿದ್ದೇನೆಯೇ ಎಂದು ಓಡಿಸುವವನು ತಿಳಿಯುವ ಬಗೆ ಹೇಗೆ? ಪೊಲೀಸಿನವನ ಕೈಯಲ್ಲಿ ಗಡಿಯಾರವಿತ್ತು, ಓಡಿಸುವವನ ಎದುರಿಗೆ ಏನೂ ಇರಲಿಲ್ಲ. ಆದ್ದರಿಂದ ಮುಳ್ಳು ಬೇಕಾಯಿತು. ಬ್ರಿಟನ್ನಿನಲ್ಲಿ ಹೊಸ ವಾಹನಗಳಿಗೆ ವೇಗಮಾಪಕ ಕಡ್ಡಾಯವಾದದ್ದು 1937ರ ಅಕ್ಟೋಬರಿನಿಂದ.

ಮುಳ್ಳಿಗಾಗಿ ಹಲವರು ಹಲವು ದಾರಿ ಹಿಡಿದರು. ಇಸ್ಟ್ರಿಯ ಪ್ರಾಂತದ ಯೋಸಿಪ್ ಬೆಲೂಶಿಚ್ 1888ರಲ್ಲಿ ಕುದುರೆಗಾಡಿಗಳಿಗೆಂದು ವಿದ್ಯುತ್ತಿನ ವೇಗಮಾಪಕ ಮಾಡಿದರು; 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅದು ಕಾಣಿಸಿಕೊಂಡಿತು. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ತಿರುಗುವ ಗುಂಡುಗಳ ತತ್ತ್ವವನ್ನು ಕೆಲವರು ಬಳಸಿದರು: ಜೋರಾಗಿ ತಿರುಗಿದಷ್ಟೂ ಗುಂಡು ಹೊರಕ್ಕೆ ಚಿಮ್ಮುತ್ತದೆ, ಮುಳ್ಳು ಏರುತ್ತದೆ. ನಿಕೋಲಾ ಟೆಸ್ಲಾ ಗಾಳಿಯ ಎಳೆತದಿಂದಲೇ ಮುಳ್ಳು ತಿರುಗಿಸುವ ಉಪಾಯ ಕಂಡುಹಿಡಿದು 1916ರಲ್ಲಿ ಅಮೆರಿಕದ ಪೇಟೆಂಟು ಪಡೆದರು. ಆದರೆ ಜಗತ್ತಿನ ಕಾರುಗಳಲ್ಲೆಲ್ಲ ನೆಲೆನಿಂತದ್ದು ಜರ್ಮನಿಯ ಎಂಜಿನಿಯರ್ ಆಟ್ಟೋ ಷುಲ್ಟ್ಸೆ 1902ರ ಅಕ್ಟೋಬರ್ 7ರಂದು ಬರ್ಲಿನ್ನಿನಲ್ಲಿ ಪೇಟೆಂಟು ಪಡೆದ ವಿಧಾನ.

ಅದರ ಬೇರು ಇನ್ನೂ ಹಿಂದಕ್ಕಿದೆ. 1824ರಲ್ಲಿ ಫ್ರಾನ್ಸಿನ ಅರಾಗೋ ಒಂದು ವಿಚಿತ್ರ ಕಂಡರು. ತಾಮ್ರದ ಬಿಲ್ಲೆಯನ್ನು ತಿರುಗಿಸಿದರೆ ಅದರ ಮೇಲೆ, ಅದಕ್ಕೆ ತಾಕದಂತೆ, ತೂಗುಬಿಟ್ಟ ಅಯಸ್ಕಾಂತದ ಸೂಜಿಯೂ ತಿರುಗುತ್ತದೆ. ತಾಮ್ರವನ್ನು ಅಯಸ್ಕಾಂತ ಹಿಡಿಯುವುದಿಲ್ಲವೆಂದು ಮಕ್ಕಳೂ ಬಲ್ಲರು. ಹಾಗಿದ್ದರೆ ಎಳೆಯುವುದು ಯಾವುದು? 1831ರಲ್ಲಿ ಫ್ಯಾರಡೆ ವಿದ್ಯುತ್ ಪ್ರೇರಣೆಯ ತತ್ತ್ವವನ್ನು ಕಂಡುಹಿಡಿದ ಮೇಲೆ ಒಗಟು ಬಿಡಿಸಿತು. ಅಯಸ್ಕಾಂತ, ಲೋಹ ಇವೆರಡರಲ್ಲಿ ಒಂದು ಚಲಿಸಿದರೆ ಲೋಹದೊಳಗೆ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟುತ್ತದೆ; ಆ ಸುಳಿಗಳೇ ಒಂದನ್ನೊಂದು ಎಳೆಯುತ್ತವೆ. ಹೊಳೆಯ ಸುಳಿ ಎಲೆಯನ್ನು ಸುತ್ತಿಸುವಂತೆ ಎನ್ನಬಹುದು.

ಷುಲ್ಟ್ಸೆ ಮಾಡಿದ್ದು ಇದನ್ನು ಡಬ್ಬಿಯೊಳಗೆ ಕೂಡಿಸುವ ಕೆಲಸ. ಕಾರಿನ ಗೇರು ಪೆಟ್ಟಿಗೆಯ ಹಿಂಬದಿಯಲ್ಲಿ, ಚಕ್ರಗಳತ್ತ ಹೋಗುವ ಕಂಬಿಯ ಮೇಲೆ, ಒಂದು ಪುಟ್ಟ ಹಲ್ಲುಗಾಲಿ. ಅದರಿಂದ ಹೊರಟ ಬಳುಕುವ ಉಕ್ಕಿನ ಕೇಬಲ್ಲು ಕೊಳವೆಯೊಳಗೆ ತಿರುಗುತ್ತ ಬಂದು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತಕ್ಕೆ ತಾಕದಂತೆ ಅಲ್ಯೂಮಿನಿಯಮ್ಮಿನ ಒಂದು ತೆಳುಬಟ್ಟಲು. ಬಟ್ಟಲಿನ ಕಡ್ಡಿಗೆ ಮುಳ್ಳು. ಕಡ್ಡಿಯನ್ನು ಹಿಂದಕ್ಕೆ ಹಿಡಿದಿರಲು ಗಡಿಯಾರದಲ್ಲಿರುವಂಥ ಕೂದಲೆಳೆಯ ಸುರುಳಿ. ಅಯಸ್ಕಾಂತ ಎಷ್ಟು ಜೋರಾಗಿ ತಿರುಗಿದರೆ ಅಷ್ಟು ಎಳೆತ. ಎಳೆತವೂ ಸುರುಳಿಯ ಬಿಗಿತವೂ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಅದೇ ಅಯಸ್ಕಾಂತದ ಕಡ್ಡಿಯಿಂದ ಸಣ್ಣ ಹಲ್ಲುಗಾಲಿಗಳು ಹೊರಟು ಅಂಕಿಯ ಉರುಳೆಗಳನ್ನು ನೂಕುತ್ತವೆ. ಎರಡು ಸಾವಿರ ವರ್ಷದ ಅಜ್ಜನನ್ನೂ ಹೊಸ ಕಾಲದ ಮೊಮ್ಮಗನನ್ನೂ ಒಂದೇ ಕಡ್ಡಿಗೆ ಕಟ್ಟಿದಂತಾಯಿತು.

ಇಷ್ಟು ತಿಳಿದರೆ ರೋಗ ಹುಡುಕುವುದು ಸುಲಭ. ಮುಳ್ಳೂ ಅಂಕಿಯೂ ಎರಡೂ ಸತ್ತಿದ್ದರೆ ತಪ್ಪು ಅವೆರಡಕ್ಕೂ ಸೇರಿದ ದಾರಿಯಲ್ಲಿದೆ: ಕೇಬಲ್ಲು ತುಂಡಾಗಿರಬೇಕು, ಇಲ್ಲವೇ ಹಲ್ಲುಗಾಲಿ ಸವೆದಿರಬೇಕು. ಮೀಟರಿನ ಹಿಂದಿನ ತಿರುಪನ್ನು ಬಿಚ್ಚಿ, ಕಾರನ್ನು ಗೇರಿನಿಂದ ತಪ್ಪಿಸಿ ನಿಧಾನವಾಗಿ ತಳ್ಳಿದರೆ ಕೇಬಲ್ಲಿನ ಚೌಕತುದಿ ತಿರುಗುತ್ತದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ತಿರುಗಿದರೆ ಕೇಬಲ್ಲಿನ ತಪ್ಪಿಲ್ಲ. ಮುಳ್ಳು ಆಡುತ್ತ ಅಂಕಿ ಮಾತ್ರ ನಿಂತಿದ್ದರೆ ವಿಟ್ರೂವಿಯಸನ ಭಾಗಕ್ಕೆ ಕಾಯಿಲೆ. ಅಂಕಿ ಓಡುತ್ತ ಮುಳ್ಳು ತಪ್ಪಿದರೆ ಅರಾಗೋನ ಭಾಗಕ್ಕೆ ಕಾಯಿಲೆ. ಮುಳ್ಳು ನಡುಗುತ್ತ ಹಿಂದುಮುಂದು ತೂಗಿದರೆ ಕೇಬಲ್ಲು ಒಣಗಿರಬಹುದು, ಅಥವಾ ಎಲ್ಲೋ ಅತಿಯಾಗಿ ಬಾಗಿರಬಹುದು. ಆರು ಅಂಗುಲದ ತ್ರಿಜ್ಯಕ್ಕಿಂತ ಕಿರಿದಾದ ಬಾಗು ಅದಕ್ಕೆ ಆಗದು.

ನಮ್ಮ ಹುಡುಗನ ಕಾರಿನಲ್ಲಿ ಅಂಕಿ ಸುಮ್ಮನೆ ತನ್ನ ಪಾಡಿಗೆ ಓಡುತ್ತಿತ್ತು. ಆದ್ದರಿಂದ ಕೇಬಲ್ಲು, ಹಲ್ಲುಗಾಲಿ ಎರಡೂ ನಿರಪರಾಧಿಗಳು. ಮುಳ್ಳು ಮೇಲಕ್ಕೆ ಹಾರಿ ನಿಲ್ಲುವುದೆಂದರೆ, ತಾಕದೆ ಇರಬೇಕಾದ ಅಯಸ್ಕಾಂತಕ್ಕೂ ಬಟ್ಟಲಿಗೂ ಯಾವುದೋ ಅಂಟು ಬಂದಿರಬೇಕು. ಕೇಬಲ್ಲನ್ನು ಎಳೆದು ನೋಡಿದೆವು. ತುದಿಯವರೆಗೂ ಗ್ರೀಸು ಮೆತ್ತಿತ್ತು. ತಿರುಗುವ ಕೇಬಲ್ಲು ತಿರುಪಿನಂತೆ ಜಿಡ್ಡನ್ನು ಮೇಲಕ್ಕೆ ಏರಿಸುತ್ತದೆ. ಮೀಟರಿನ ಹತ್ತಿರದ ಸುಮಾರು ಎಂಟು ಅಂಗುಲ ಕೇಬಲ್ಲನ್ನು ಒರೆಸಿ ಬಿಡಬೇಕು ಎಂಬುದು ಅಂಥ ಕಾರುಗಳ ಹಳೆಯ ಕೈಪಿಡಿಗಳಲ್ಲಿ ಇರುವ ಮಾತು. ಉಪಕಾರವೆಂದು ಬಳಿದ ಗ್ರೀಸೇ ಇಲ್ಲಿ ಅಪಕಾರ ಮಾಡಿತ್ತು.

ಮೀಟರನ್ನು ಕಿತ್ತು ಹುಡುಗ ಕಾರಿನ ಗ್ಯಾರೇಜಿಗೆ ಹೋಗಲಿಲ್ಲ. ಪೇಟೆಬೀದಿಯ ಗಡಿಯಾರ ರಿಪೇರಿಯವರ ಬಳಿಗೆ ಒಯ್ದ. ಅದೂ ಚರಿತ್ರೆಗೆ ಒಪ್ಪುವ ಮಾತೇ. ಬ್ರಿಟಿಷ್ ಕಾರುಗಳಿಗೆ ಲೆಕ್ಕವಿಲ್ಲದಷ್ಟು ವೇಗಮಾಪಕಗಳನ್ನು ಒದಗಿಸಿದ ಸ್ಮಿತ್ಸ್ ಸಂಸ್ಥೆ ಲಂಡನ್ನಿನಲ್ಲಿ ಮೊದಲು ಗಡಿಯಾರದ ಅಂಗಡಿಯಾಗಿತ್ತು. ಆ ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸುರುಳಿಗೆ ಕೈ ಸೋಂಕದಂತೆ ಬಟ್ಟಲನ್ನೂ ಅಯಸ್ಕಾಂತವನ್ನೂ ತೊಳೆದು ಒಣಗಿಸಿ ಕೊಟ್ಟರು. ಅಂಕಿಯ ಉರುಳೆಗಳನ್ನು ಅವರು ಮುಟ್ಟಲಿಲ್ಲ. “ಇದನ್ನ ಹಿಂದಕ್ಕೆ ತಿರುಗಿಸಿಕೊಡಿ ಅಂತ ಕೇಳೋರೂ ಬರ್ತಾರೆ ಸಾರ್, ನಾನು ಮಾಡಲ್ಲ” ಎಂದರು. ಹಳೆಯ ಕಾರನ್ನು ಹೊಸದೆಂದು ಮಾರಲು ಮೈಲಿ ತಗ್ಗಿಸುವವರು ಲೋಕದಲ್ಲೆಲ್ಲ ಇದ್ದಾರಷ್ಟೆ.

ಮುಳ್ಳು ಈಗ ನೆಟ್ಟಗೆ ನಿಂತಿತು. ಆದರೆ ನೆಟ್ಟಗೆ ನಿಂತ ಮುಳ್ಳೆಲ್ಲ ಸತ್ಯ ಹೇಳುತ್ತದೆಂದು ನಂಬಬಾರದೆಂದು ವಿಜ್ಞಾನದ ಮೇಷ್ಟ್ರು ಹಟ ಹಿಡಿದರು. ಕಾರಿನ ಮುಖಫಲಕ ಮೈಲಿಯದು. ನಮ್ಮ ದೇಶದ ರಸ್ತೆಯ ಕಲ್ಲುಗಳೋ, 1956ರ ಅಳತೆ ತೂಕಗಳ ಕಾಯಿದೆಯ ಹಿಂದೆಯೇ ಬಂದ ಮೆಟ್ರಿಕ್ ಪದ್ಧತಿಯಂತೆ, ಕಿಲೋಮೀಟರಿನವು. ಲೆಕ್ಕ ಕಷ್ಟವಲ್ಲ. ಗಂಟೆಗೆ 30 ಮೈಲಿಯೆಂದರೆ ಸುಮಾರು 48 ಕಿಲೋಮೀಟರು. ಆ ವೇಗದಲ್ಲಿ ಒಂದು ಕಿಲೋಮೀಟರು ದಾಟಲು ಎಪ್ಪತ್ತೈದು ಸೆಕೆಂಡಿಗೆ ಕೊಂಚ ಕಡಮೆ ಬೇಕು. ಬೆಳಗಿನ ಖಾಲಿ ರಸ್ತೆಯಲ್ಲಿ ಮುಳ್ಳನ್ನು ಮೂವತ್ತರಲ್ಲಿ ಹಿಡಿದು ಓಡಿಸಿದ. ನಾವು ಕಲ್ಲಿನಿಂದ ಕಲ್ಲಿಗೆ ಗಡಿಯಾರ ನೋಡಿದೆವು. 79 ಸೆಕೆಂಡು ಬಂದಿತು. ಅಂದರೆ ಕಾರು ನಿಜವಾಗಿ ಓಡಿದ್ದು 28 ಮೈಲಿ ಚಿಲ್ಲರೆ ವೇಗದಲ್ಲಿ. ನೂರಕ್ಕೆ ಆರರಷ್ಟು ಸುಳ್ಳು.

ಇಲ್ಲಿ ಮತ್ತೆ ಅಜ್ಜನನ್ನೂ ಮೊಮ್ಮಗನನ್ನೂ ಬೇರೆಬೇರೆಯಾಗಿ ವಿಚಾರಿಸಬೇಕಾಯಿತು. ಮುಳ್ಳಿನದು ಮಾತ್ರ ತಪ್ಪಾದರೆ ಸುರುಳಿ ಸಡಿಲಿಸಿರಬೇಕು. ಅಯಸ್ಕಾಂತ ಬಲಗುಂದಿದ್ದರೆ ಮುಳ್ಳು ಕಡಮೆ ತೋರಿಸುತ್ತಿತ್ತೇ ಹೊರತು ಹೆಚ್ಚನ್ನಲ್ಲ. ಹತ್ತು ಕಿಲೋಮೀಟರು ಓಡಿ ಅಂಕಿಯನ್ನು ನೋಡಿದೆವು. 6.2 ಮೈಲಿ ತೋರಿಸಬೇಕಾದ್ದು 6.6 ತೋರಿಸಿತು. ಇಬ್ಬರೂ ಒಂದೇ ಪ್ರಮಾಣದಲ್ಲಿ ಸುಳ್ಳು ಹೇಳುತ್ತಿದ್ದಾರೆಂದರೆ ಸುಳ್ಳು ಅವರಿಗೆ ಹೊರಗಿನಿಂದ ಬಂದದ್ದು. ಕೇಬಲ್ಲೇ ಮೈಲಿಗೆ ಬೇಕಾದುದಕ್ಕಿಂತ ಹೆಚ್ಚು ಸುತ್ತು ತಿರುಗುತ್ತಿದೆ.

ಹಳೆಯ ಮೀಟರುಗಳ ಮುಖಫಲಕದ ಕೆಳಗೆ ಇರುವೆಯಷ್ಟು ಚಿಕ್ಕ ಅಂಕಿಯೊಂದು ಇರುವುದುಂಟು. ಮೈಲಿಗೆ ಕೇಬಲ್ಲು ಎಷ್ಟು ಸುತ್ತು ತಿರುಗಬೇಕೆಂಬ ಒಪ್ಪಂದ ಅದು. ಇದರಲ್ಲಿ 1280 ಎಂದಿತ್ತು. ಪರೀಕ್ಷಿಸುವ ಉಪಾಯ ಸರಳ: ಕೇಬಲ್ಲಿನ ತುದಿಗೆ ಕಾಗದದ ಬಾಲ ಸಿಕ್ಕಿಸಿ, ಕಾರನ್ನು 52 ಅಡಿ 9½ ಅಂಗುಲ ನೇರವಾಗಿ ತಳ್ಳಿ, ಬಾಲ ಎಷ್ಟು ಸುತ್ತು ಬಂದಿತೆಂದು ಎಣಿಸಬೇಕು. ಅದು ಮೈಲಿಯ ನೂರನೆಯ ಒಂದು ಪಾಲು. ಬಂದ ಸುತ್ತನ್ನು ನೂರರಿಂದ ಗುಣಿಸಿದರಾಯಿತು. ಹದಿಮೂರಕ್ಕಿಂತ ತುಸು ಕಡಮೆ ಬರಬೇಕಾಗಿತ್ತು, ಹದಿಮೂರೂವರೆ ಬಂದಿತು. ಮೈಲಿಗೆ 1350 ಎಂದಾಯಿತು.

ಗೇರು ಪೆಟ್ಟಿಗೆಯನ್ನು ಯಾರೂ ಬಿಚ್ಚಿರಲಿಲ್ಲ. ಉಳಿದದ್ದು ಟೈರು. ನೆಲದಿಂದ ಚಕ್ರದ ನಡುವಿಗೆ ಹನ್ನೆರಡು ಅಂಗುಲವಿರಬೇಕಾದ ಕಡೆ ಹನ್ನೊಂದೂಕಾಲಿಗೆ ಸ್ವಲ್ಪ ಮೇಲಿತ್ತು. ಮೂರು ವರ್ಷದ ಹಿಂದೆ, ಸರಿಯಾದ ಅಳತೆ ಸಿಕ್ಕದೆ, ಕೊಂಚ ಗಿಡ್ಡ ಟೈರುಗಳನ್ನು ಹಾಕಿಸಿದ್ದೆನೆಂದು ಹುಡುಗ ತಲೆ ಕೆರೆದುಕೊಂಡ. ಗಿಡ್ಡ ಚಕ್ರ ಅದೇ ದಾರಿಗೆ ಹೆಚ್ಚು ಸುತ್ತಬೇಕು. ಪಾಪ, ಮೀಟರು ತಾನು ಕಂಡ ಸುತ್ತನ್ನು ಕಂಡಂತೆ ಹೇಳಿತ್ತು.

ವಿಟ್ರೂವಿಯಸನ ಹನ್ನೆರಡೂವರೆ ಅಡಿಯ ಮಾತು ನನಗೆ ಆಗ ಅರ್ಥವಾಯಿತು. ಚಕ್ರದ ಸುತ್ತಳತೆ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಆ ಕಾಲಕ್ಕೂ ಅದೇ, ಈ ಕಾಲಕ್ಕೂ ಅದೇ. ಇಂದಿನ ಕಾರುಗಳಲ್ಲಿ ಕೇಬಲ್ಲಿಲ್ಲ. ವಿದ್ಯುತ್ ಮಿಡಿತಗಳನ್ನು ಎಣಿಸಿ ವೇಗ ತೋರಿಸುತ್ತಾರೆ. ಆದರೂ ಎಣಿಸುವುದು ಸುತ್ತುವ ಗಾಲಿಯನ್ನೇ. ಇಲ್ಲಿ ಇನ್ನೊಂದು ಮಾತು ಮುಖ್ಯ. ಗಿಡ್ಡ ಟೈರಿನಿಂದ ಮುಳ್ಳು ಹೆಚ್ಚು ತೋರಿಸುತ್ತದೆ. ಓಡಿಸುವವನು ಎಚ್ಚರವಾಗಿಯೇ ಇರುತ್ತಾನೆ. ಅಳತೆ ಮೀರಿದ ಎತ್ತರದ ಟೈರು ಹಾಕಿದರೆ ಮುಳ್ಳು ಕಡಮೆ ತೋರಿಸುತ್ತದೆ. ತಿರುವಿನಲ್ಲಿ ನಲವತ್ತೆಂದು ನಂಬಿ ನಲವತ್ತೈದರಲ್ಲಿ ಹೋದವನ ಗತಿ ಏನು? ಅದಕ್ಕಾಗಿಯೇ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ, ವೇಗಮಾಪಕ ನಿಜವಾದ ವೇಗಕ್ಕಿಂತ ಕೊಂಚ ಹೆಚ್ಚು ತೋರಿಸಬಹುದು, ಕಡಮೆಯನ್ನು ಮಾತ್ರ ತೋರಿಸಲೇಕೂಡದು ಎಂಬ ಕಟ್ಟಳೆ ಇದೆ. ಮನೆಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಟೈರು ಬದಲಿಸಿದಾಗಲೊಮ್ಮೆ ಕಿಲೋಮೀಟರು ಕಲ್ಲಿನ ನಡುವೆ ಗಡಿಯಾರ ಹಿಡಿದು ನೋಡುವುದು ಒಳ್ಳೆಯದು. 3,600ನ್ನು ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರೆಂಬುದು ಬರುತ್ತದೆ; 72 ಸೆಕೆಂಡಿಗೆ 50. ಗಡಿಯಾರ ನೋಡುವ ಕೆಲಸ ಮಾತ್ರ ಪಕ್ಕದಲ್ಲಿ ಕುಳಿತವರದು.

ಹುಡುಗನಿಗೆ ಒಂದು ಚಿಂತೆ ಉಳಿದಿತ್ತು. “ಹಾಗಾದರೆ ಅಪ್ಪನ ಲೆಕ್ಕವೂ ಸುಳ್ಳೇ, ಮೇಷ್ಟ್ರೇ?”

ನಾವು ಅದನ್ನೂ ನೋಡಿದೆವು. ತಂದೆಯವರ ಡೈರಿಯಲ್ಲಿ ಅವರು ಕೊನೆಗೆ ಕಾರು ಮುಟ್ಟಿದ ದಿನದ ಅಂಕಿ ಬರೆದಿತ್ತು. ಗಿಡ್ಡ ಟೈರು ಬಂದದ್ದು ಅದಕ್ಕಿಂತ ಬಹಳ ಈಚೆಗೆ. ಅವರ ಕಾಲದ ಮೈಲಿಗಳೆಲ್ಲ ಸರಿಯಾದ ಚಕ್ರದ ಮೇಲೆ ಉರುಳಿದವು. ಹೆಚ್ಚಾಗಿ ಸೇರಿದ ನೂರಕ್ಕೆ ಆರು ಇವನ ಮೂರು ವರ್ಷದ ಓಡಾಟದ್ದು ಮಾತ್ರ. ಹುಡುಗ ಆ ಡೈರಿಯ ಮುಂದಿನ ಖಾಲಿ ಹಾಳೆಯಲ್ಲಿ ತನ್ನ ತಪ್ಪನ್ನು ತಾರೀಖು ಸಹಿತ ಬರೆದ. ಸರಿಯಾದ ಅಳತೆಯ ಟೈರು ಬಂದ ಮೇಲೆ ಮತ್ತೆ ಅದೇ ರಸ್ತೆಗೆ ಹೋದೆವು. ಮೂವತ್ತರ ಮುಳ್ಳಿಗೆ ಎಪ್ಪತ್ತೈದು ಸೆಕೆಂಡು ಬಂದಿತು. ಅಂಕಿಯ ಕಿಂಡಿಯಲ್ಲಿ ಹಳೆಯ ಉರುಳೆಗಳೇ ಒಂದೊಂದಾಗಿ ಸರಿಯುತ್ತಿದ್ದವು.